ಹುಂಡಿಗೆ ಎರಡು ಅರ್ಥ

ಥಾಣೆಗೂ ಬೊರಿವಲಿಗೂ ನಡುವೆ, ಈಗ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಗುಡ್ಡಗಳಲ್ಲಿ, ಕಾನ್ಹೇರಿ ಗುಹೆಗಳಿವೆ. ಅಲ್ಲಿ 9ನೇ ಶತಮಾನದ ನಡುಭಾಗದ ಒಂದು ಸಂಸ್ಕೃತ ಶಾಸನವಿದೆ. ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದವನು ಶಿಲಾಹಾರ ವಂಶದ ಕಪರ್ದಿ. ಅವನ ಮೇಲಿನ ಚಕ್ರವರ್ತಿ ಮಾನ್ಯಖೇಟದ ಅಮೋಘವರ್ಷ ನೃಪತುಂಗ, ಅಂದರೆ 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ದೊರೆ. ಆದರೆ ಶಾಸನದ ವಿಷಯ ಅವರಿಬ್ಬರೂ ಅಲ್ಲ. ಗೌಡ ದೇಶದಿಂದ, ಅಂದರೆ ಈಗಿನ ಬಂಗಾಳದ ಕಡೆಯಿಂದ, ಬಂದ ಅವಿಘ್ನಾಕರ ಎಂಬ ಬೌದ್ಧ ಉಪಾಸಕನೊಬ್ಬ ಇಲ್ಲಿನ ಕೃಷ್ಣಗಿರಿ ಮಹಾವಿಹಾರದ ಭಿಕ್ಷುಗಳಿಗೆ ಧ್ಯಾನದ ಕೋಣೆಗಳನ್ನು ಮಾಡಿಸಿದ; ಅವರ ಬಟ್ಟೆಯ ಖರ್ಚಿಗೆಂದು ನೂರು ದ್ರಮ್ಮಗಳನ್ನು ಇಟ್ಟ. ಶಾಸನ ದಾಖಲಿಸಿರುವುದು ಅದನ್ನು.

ಬಂಗಾಳದಲ್ಲಿ ಆ ಕಾಲಕ್ಕೆ ದಿನನಿತ್ಯದ ವ್ಯವಹಾರ ಬಹುಮಟ್ಟಿಗೆ ಕವಡೆಗಳಲ್ಲಿ ನಡೆಯುತ್ತಿತ್ತು. ಕೊಂಕಣದಲ್ಲಿ ಚಲಾವಣೆ ದ್ರಮ್ಮದ್ದು. ಒಂದು ನಾಣ್ಯಲೋಕದಿಂದ ಬಂದ ಮನುಷ್ಯ ಇನ್ನೊಂದು ನಾಣ್ಯಲೋಕದಲ್ಲಿ ದಾನ ಕೊಟ್ಟ. ತಾನು ಊರಿಗೆ ಮರಳಿದ ಮೇಲೆ, ತಾನು ಸತ್ತ ಮೇಲೆ, ಈ ನೂರು ದ್ರಮ್ಮ ಭಿಕ್ಷುಗಳ ಮೈಮೇಲೆ ಬಟ್ಟೆಯಾಗಿ ನಿಲ್ಲುತ್ತದೆ ಎಂದು ಅವನು ಹೇಗೆ ನಂಬಿದ? ದೂರದ ಊರಿಗೆ ಹಣ ಕೊಡುವವರೆಲ್ಲರ ಮುಂದೆ ಇರುವ ಪ್ರಶ್ನೆ ಇದೇ. ನಾಣ್ಯ ಬದಲಿಸುವುದು ಅದರ ಸುಲಭದ ಭಾಗ. ಕೊಟ್ಟದ್ದು ಯಾವಾಗ 'ತಲುಪಿದಂತೆ' ಎಂಬುದಕ್ಕೆ ಕೊಡುವವನ ಊರಿನಲ್ಲಿ ಒಂದು ಉತ್ತರ, ಪಡೆಯುವವನ ಊರಿನಲ್ಲಿ ಇನ್ನೊಂದು ಉತ್ತರ ಇರುತ್ತದೆ, ಕಷ್ಟವಿರುವುದು ಅಲ್ಲಿ. ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿ ಇರುವ ಈ ಕಡಲಂಚಿನ ನೆಲ ಎರಡು ಸಾವಿರ ವರ್ಷಗಳಿಂದ ಆ ಪ್ರಶ್ನೆಗೆ ಒಂದಾದ ಮೇಲೊಂದು ಉತ್ತರವನ್ನು ಕಂಡಿದೆ.

ಅಸಲು ಮುಟ್ಟದ ದಾನ

ಕಲ್ಯಾಣ ಎಂದೊಡನೆ ಕನ್ನಡದ ಓದುಗರಿಗೆ ಬಸವಣ್ಣನವರ ಕಲ್ಯಾಣ ನೆನಪಾಗುವುದು ಸಹಜ. ಇದು ಅದಲ್ಲ; ಉಲ್ಲಾಸ ನದಿಯ ದಡದ ಬಂದರು. 1ನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ನೌಕಾ ಕೈಪಿಡಿಯಲ್ಲಿ ಇದರ ಹೆಸರು ಕಲ್ಲಿಯೆನ. ಹಿಂದೆ ಇಲ್ಲಿ ವ್ಯಾಪಾರಕ್ಕೆ ಅನುಮತಿ ಇತ್ತು, ಈಗ ಅಡ್ಡಿಯಾಗಿದೆ, ಇಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಬರಿಗಾಜಕ್ಕೆ, ಅಂದರೆ ಗುಜರಾತಿನ ಭರೂಚಿಗೆ, ಕರೆದೊಯ್ಯುವುದೂ ಉಂಟು ಎಂದು ಅದು ಹೇಳುತ್ತದೆ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ: ರೋಮಿನ ಚಿನ್ನ ಬೆಳ್ಳಿಯ ನಾಣ್ಯಗಳನ್ನು ಭರೂಚಿಗೆ ತಂದು ಅಲ್ಲಿನ ನಾಣ್ಯಕ್ಕೆ ಬದಲಿಸಿದರೆ ಲಾಭವಿದೆ. ವಿನಿಮಯದ ಅಂತರದಲ್ಲಿ ದುಡ್ಡು ಮಾಡುವ ವಿದ್ಯೆಗೆ ಇಷ್ಟು ವಯಸ್ಸಾಗಿದೆ.

ಕಲ್ಯಾಣದಿಂದ ಕಸಾರಾ ಘಾಟಿ ಹತ್ತಿದರೆ ನಾಸಿಕ. ಅಲ್ಲಿನ 10ನೇ ಗುಹೆಯಲ್ಲಿ ಶಕ ದೊರೆ ನಹಪಾನನ ಅಳಿಯ ಉಷವದಾತನ ಶಾಸನವಿದೆ. ಅದನ್ನು ಓದಿದರೆ ಒಬ್ಬ ಲೆಕ್ಕಿಗನ ಪುಸ್ತಕ ತೆರೆದಂತಾಗುತ್ತದೆ. ಅವನು 3,000 ಕಾರ್ಷಾಪಣಗಳನ್ನು 'ಅಕ್ಷಯನೀವಿ'ಯಾಗಿ ಕೊಟ್ಟ. ಅದರಲ್ಲಿ 2,000ವನ್ನು ಗೋವರ್ಧನದ ನೇಕಾರರ ಒಂದು ಶ್ರೇಣಿಯಲ್ಲಿ ತಿಂಗಳಿಗೆ ನೂರಕ್ಕೆ ಒಂದರಂತೆ, 1,000ವನ್ನು ಇನ್ನೊಂದು ಶ್ರೇಣಿಯಲ್ಲಿ ನೂರಕ್ಕೆ ಮುಕ್ಕಾಲರಂತೆ ಇಟ್ಟ. ಅಸಲನ್ನು ಹಿಂದಕ್ಕೆ ಕೊಡುವಂತಿಲ್ಲ, ಬಡ್ಡಿಯನ್ನು ಮಾತ್ರ ಬಳಸಬೇಕು. ಗುಹೆಯಲ್ಲಿ ಮಳೆಗಾಲ ಕಳೆಯುವ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣ ಬಟ್ಟೆಯ ಹಣ. ಲೆಕ್ಕ ಹಾಕಿ ನೋಡಬಹುದು: 2,000ಕ್ಕೆ ವರ್ಷದ ಬಡ್ಡಿ 240, ಇಪ್ಪತ್ತು ಹನ್ನೆರಡಲಿ 240. ಒಂದು ಕಾಸೂ ಹೆಚ್ಚುಕಡಿಮೆ ಇಲ್ಲ. ಇದನ್ನು ನಿಗಮಸಭೆಯಲ್ಲಿ ಓದಿ ಹೇಳಿ, ದಾಖಲೆಯಲ್ಲಿ ಬರೆಸಲಾಯಿತು ಎಂದೂ ಶಾಸನ ಹೇಳುತ್ತದೆ. ಮುಂದುವರಿದು, ದೇವರಿಗೂ ಬ್ರಾಹ್ಮಣರಿಗೂ ಕೊಟ್ಟ 70,000 ಕಾರ್ಷಾಪಣಗಳ ಮೌಲ್ಯ, ಒಂದು ಸುವರ್ಣಕ್ಕೆ 35ರಂತೆ, 2,000 ಸುವರ್ಣ ಎಂದು ವಿನಿಮಯ ದರವನ್ನೂ ಕಲ್ಲಿನಲ್ಲಿ ಕೊರೆಸಿದ್ದಾನೆ.

'ನೀವಿ' ಎಂದರೆ ಸೊಂಟದ ಬಟ್ಟೆಯ ಗಂಟು. ಮೂಲಧನ ಎಂಬ ಅರ್ಥವೂ ಅದಕ್ಕಿದೆ. ಅಕ್ಷಯನೀವಿ ಎಂದರೆ ಎಂದೂ ಬಿಚ್ಚದ ಗಂಟು. ಇಲ್ಲಿ ದಾನಿ ನಂಬಿದ್ದು ನಾಣ್ಯವನ್ನಲ್ಲ, ಆ ಊರಿನ ನೇಕಾರರ ಸಂಘವನ್ನು. ಸಂಘಕ್ಕೆ ಮಗ್ಗಗಳಿವೆ, ಮನೆಗಳಿವೆ, ಮಾನವಿದೆ; ಅದು ಓಡಿಹೋಗುವುದಿಲ್ಲ. ಕಾನ್ಹೇರಿಯಲ್ಲಿ ದಾನ ಕೊಟ್ಟ ಕಲ್ಯಾಣದ ವ್ಯಾಪಾರಿಗಳೂ ಕುಶಲಕರ್ಮಿಗಳೂ ಹಿಡಿದದ್ದು ಇದೇ ದಾರಿ. ಏಳು ಶತಮಾನಗಳ ನಂತರ ಅವಿಘ್ನಾಕರ ಕೊಟ್ಟದ್ದೂ ಇಂಥ ಗಂಟನ್ನೇ.

ಕನ್ನಡ ನಾಡಿನ ಶಾಸನಗಳಲ್ಲಿ ದಾನ ಪೂರ್ತಿಯಾಗುವುದು ಕೈಯ ಮೇಲೆ ನೀರು ಬಿದ್ದಾಗ. ಧಾರಾಪೂರ್ವಕವಾಗಿ ಕೊಟ್ಟದ್ದು ಕೊಟ್ಟಂತೆ. ಅದರಾಚೆಗೆ ಅದನ್ನು ಕಾಯುವುದು ಊರವರ ಹೊಣೆ. ದಾನ ತಪ್ಪಿಸಿದವನಿಗೆ ಹಾಕುವ ಶಾಪಾಶಯವೂ ಆ ಹೊಣೆಯ ಒಂದು ಭಾಗ. ಶಾಪ ಕೆಲಸ ಮಾಡಬೇಕಾದರೆ ಶಾಪಕ್ಕೆ ಹೆದರುವವರೇ ಸುತ್ತ ಇರಬೇಕು. ಹೆದರದವರ ನಡುವೆ ಏನಾಗುತ್ತದೆ ಎಂಬುದಕ್ಕೆ ಕರಾವಳಿಯಲ್ಲೇ ಒಂದು ಕಥೆಯಿದೆ.

ಮಂಗಳೂರಿನ ಏಲಕ್ಕಿ, ಏಡನ್ನಿನ ಬಹಿಷ್ಕಾರ

12ನೇ ಶತಮಾನದಲ್ಲಿ ಏಡನ್ನಿನಿಂದ ಹೊರಟ ಹಡಗುಗಳು ಥಾಣೆಗೂ ಬರುತ್ತಿದ್ದವು, ಇನ್ನೂ ದಕ್ಷಿಣಕ್ಕೆ ಇಳಿದು ಮಂಗಳೂರಿಗೂ ಹೋಗುತ್ತಿದ್ದವು. ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರದ ಗೆನಿಜಾ ಎಂಬ ಉಗ್ರಾಣದಲ್ಲಿ ಸಿಕ್ಕ ಪತ್ರಗಳಲ್ಲಿ ಈ ಎರಡೂ ಬಂದರುಗಳ ಹೆಸರಿವೆ. ಆ ಪತ್ರಗಳ ಮುಖ್ಯ ಪಾತ್ರಗಳಲ್ಲೊಬ್ಬ ಅಬ್ರಹಾಂ ಬೆನ್ ಯಿಜು. ಟ್ಯುನಿಸಿಯಾ ಮೂಲದ ಈ ವ್ಯಾಪಾರಿ 1132ರಿಂದ 1149ರವರೆಗಿನ ಹೆಚ್ಚಿನ ಕಾಲವನ್ನು ಮಂಗಳೂರಿನ ಕಡೆ ಕಳೆದ, ಹಿತ್ತಾಳೆಯ ಕಾರ್ಖಾನೆ ನಡೆಸಿದ. ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಪುಸ್ತಕದಿಂದ ಅವನ ಹೆಸರು ಇಲ್ಲಿನ ಓದುಗರಿಗೂ ಪರಿಚಿತ.

ಏಡನ್ನಿನ ಅವನ ಪಾಲುದಾರರು ಏಲಕ್ಕಿ ಕೊಳ್ಳಲು ಹಣ ಕಳಿಸಿದ್ದರು. ಪತ್ರಗಳಲ್ಲಿ 'ಕಾರ್ದಾರ್' ಎಂದು ಕರೆಯಲಾದ ಸ್ಥಳೀಯ ಮಧ್ಯವರ್ತಿ ಮುಂಗಡ ಪಡೆದ. ಏಲಕ್ಕಿ ಮಾತ್ರ ಬರಲಿಲ್ಲ. ತಿಂಗಳುಗಳು ಉರುಳಿದವು. ಕೊನೆಗೆ ಏಡನ್ನಿನಿಂದ ಒಂದು ಸಲಹೆ ಬಂತು: ಸಾಲ ತೀರಿಸದವರನ್ನು ನಾವಿಲ್ಲಿ ಬಹಿಷ್ಕರಿಸುತ್ತೇವೆ ಎಂದು ಅವನನ್ನು ಹೆದರಿಸು, ಬೇಕಾದರೆ ಬಹಿಷ್ಕಾರದ ಪತ್ರವನ್ನೇ ಬರೆದು ಕಳಿಸುತ್ತೇವೆ.

ಏಡನ್ನಿನಲ್ಲಿ ಈ ಬೆದರಿಕೆ ಗಂಭೀರವಾದದ್ದು. ಅಲ್ಲಿ ಸಮುದಾಯದಿಂದ ಹೊರಬಿದ್ದ ವ್ಯಾಪಾರಿಗೆ ವ್ಯಾಪಾರವಿಲ್ಲ, ಮದುವೆಯಿಲ್ಲ, ಮಾತಿಲ್ಲ. ಮಂಗಳೂರಿನ ಏಲಕ್ಕಿಯವನಿಗೆ ಅದರಿಂದ ಆಗುವುದೇನು? ಅವನು ಆ ಸಮುದಾಯದ ಒಳಗೆ ಎಂದೂ ಇದ್ದವನಲ್ಲ. ಏಡನ್ನಿನವರ ಹಣ ಕಡಲು ದಾಟಿತ್ತು. ಆ ಹಣದ ಬೆನ್ನಿಗೆ ಇದ್ದ ಕಟ್ಟುಪಾಡು ದಾಟಿರಲಿಲ್ಲ. ನಾಸಿಕದ ನೇಕಾರರ ಸಂಘ ಪಡೆಯುವವರ ಊರಿನದೇ ಆಗಿತ್ತು. ಇಲ್ಲಿ ಹೊಣೆ ಹೊತ್ತವರೆಲ್ಲ ಕೊಡುವವರ ಊರಿನಲ್ಲಿ ಉಳಿದಿದ್ದರು.

ಕಾಗದವೇ ಹಣವಾದಾಗ

ಎರಡೂ ಊರುಗಳಲ್ಲಿ ಹೊಣೆಗಾರರನ್ನು ನಿಲ್ಲಿಸಿದ್ದು ಹುಂಡಿ. ಕನ್ನಡದಲ್ಲಿ ಈ ಪದಕ್ಕೆ ಎರಡು ಅರ್ಥ. ಒಂದು, ದೇವಸ್ಥಾನದಲ್ಲಿ ಕಾಣಿಕೆ ಹಾಕುವ ಪೆಟ್ಟಿಗೆ. ಇನ್ನೊಂದು, ಒಂದು ಊರಿನ ಸಾಹುಕಾರ ಇನ್ನೊಂದು ಊರಿನ ಸಾಹುಕಾರನಿಗೆ 'ಇವರಿಗೆ ಇಷ್ಟು ಕೊಡಿ' ಎಂದು ಬರೆದ ಚೀಟಿ. ಮೊದಲನೆಯದರಲ್ಲಿ ಯಾರು ಹಾಕಿದರೆಂದು ಯಾರೂ ಕೇಳುವುದಿಲ್ಲ. ಎರಡನೆಯದರಲ್ಲಿ ಎಲ್ಲವೂ ಹೆಸರಿನ ಮೇಲೆ ನಿಂತಿದೆ.

19ನೇ ಶತಮಾನದ ಮುಂಬಯಿಯ ಹುಂಡಿ ವ್ಯವಹಾರ ಬಲು ಸೂಕ್ಷ್ಮವಾಗಿತ್ತು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗಡುವಿನ ನಂತರ ಕೊಡಬೇಕಾದದ್ದು ಮುದ್ದತಿ. ಮಾರುಕಟ್ಟೆಯಲ್ಲಿ ಮರ್ಯಾದೆಯುಳ್ಳ 'ಶಾಹ'ನ ಮೂಲಕ ಬಂದರೆ ಮಾತ್ರ ಸಲ್ಲುವುದು ಶಾಹಜೋಗ. ಕದ್ದ ಚೀಟಿ ಹಿಡಿದು ಬಂದ ಅಪರಿಚಿತನಿಗೆ ಹಣ ಸಿಗದಂತೆ ಇದು ತಡೆಯುತ್ತಿತ್ತು. ಜೋಖಮಿ ಹುಂಡಿಯಲ್ಲಿ ಸರಕು ಸುರಕ್ಷಿತವಾಗಿ ತಲುಪಿದರೆ ಮಾತ್ರ ಹಣ. ಹಡಗು ಮುಳುಗಿದರೆ ಹುಂಡಿಯೂ ಮುಳುಗಿತು, ಹಾಗಾಗಿ ಅದು ವಿಮೆಯೂ ಹೌದು. ಚೀಟಿ ಕಳೆದರೆ ನಕಲು 'ಪೇಠ್', ಅದೂ ಕಳೆದರೆ 'ಪರ್‌ಪೇಠ್'. ಎದುರಿನ ಸಾಹುಕಾರ ಕೊಡಲು ಒಪ್ಪದಿದ್ದರೆ ಅದೇ ಊರಿನ ಇನ್ನೊಬ್ಬ ಕೊಡಲೆಂದು 'ಜಿಕ್ರಿ ಚಿಟ್ಠಿ'. ಹಣ ಸಂದಾಯವಾದ ಹುಂಡಿಯ ಹೆಸರು 'ಖೋಖಾ'. ತಲುಪಿತೇ ಎಂಬ ಪ್ರಶ್ನೆಗೆ ಖೋಖಾ ಉತ್ತರ.

ಬ್ರಿಟಿಷರು 1881ರಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಮಾಡಿದರು. ಇಂದಿಗೂ ಚೆಕ್ ಬೌನ್ಸ್ ಪ್ರಕರಣಗಳು ನಡೆಯುವುದು ಈ ಕಾಯ್ದೆಯಡಿ. ಅದರ ಮೊದಲ ಸೆಕ್ಷನ್ನಿನಲ್ಲೇ ಒಂದು ವಿನಾಯಿತಿ ಇದೆ: ಪೌರ್ವಾತ್ಯ ಭಾಷೆಗಳಲ್ಲಿ ಬರೆದ ಪತ್ರಗಳ ವಿಷಯದಲ್ಲಿ ಸ್ಥಳೀಯ ರೂಢಿಯನ್ನು ಈ ಕಾಯ್ದೆ ಮುಟ್ಟುವುದಿಲ್ಲ. ಬೇಡವೆನಿಸಿದರೆ, ಈ ಪತ್ರಕ್ಕೆ ಕಾಯ್ದೆಯೇ ಅನ್ವಯ ಎಂದು ಪತ್ರದಲ್ಲೇ ಬರೆದುಕೊಳ್ಳಬಹುದು. ಲಂಡನ್ನಿನ ಪದ್ಧತಿಯ ಜೊತೆಗೇ ಮುಂಬಯಿಯ ಪೇಟೆಯ ಪದ್ಧತಿಗೂ ಕಾನೂನು ಜಾಗ ಬಿಟ್ಟಿತ್ತು. ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಶತಮಾನದ ಕಾನೂನುಗಳು ಹೀಗೆ ಜಾಗ ಬಿಡಲಿಲ್ಲ.

ಹುಂಡಿ ಸಾಹುಕಾರರದ್ದು. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಿಗೆ ಸಿಕ್ಕಿದ್ದು ಮನಿಯಾರ್ಡರ್. 1880ರಲ್ಲಿ ಅದು ಅಂಚೆ ಇಲಾಖೆಯ ಕೈಗೆ ಬಂತು. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದವರ ಸಂಘಟನೆಗಳೂ ಬೇಗನೆ ಹುಟ್ಟಿದವು: ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ. ಮುಂದೆ ಜಾಗದ ಬೆಲೆ ಏರಿದಂತೆ ಇವರ ಸಂಸಾರಗಳು ರೈಲಿನ ದಾರಿ ಹಿಡಿದು ಥಾಣೆ, ಡೊಂಬಿವಲಿ, ಕಲ್ಯಾಣಕ್ಕೆ, ಸಿಡ್ಕೊ ನವಿ ಮುಂಬಯಿಯನ್ನು ಕಟ್ಟತೊಡಗಿದ ಮೇಲೆ ವಾಶಿ, ನೆರೂಲಿಗೆ ಹರಡಿದವು. ಊರಿಗೆ ಹೋಗುವ ಮನಿಯಾರ್ಡರಿಗೆ ಒಂದು ತುಂಡು ಕಾಗದ ಅಂಟಿಕೊಂಡಿರುತ್ತಿತ್ತು; ಅದರಲ್ಲಿ ನಾಲ್ಕು ಸಾಲು ಬರೆಯಬಹುದು. ಅಂಚೆಯವನು ಹಣ ಎಣಿಸಿ ಕೊಟ್ಟ ಮೇಲೆ ತಾಯಿಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹೊತ್ತ ರಶೀದಿ ಮಗನಿಗೆ ವಾಪಸಾಗುತ್ತಿತ್ತು. ತಲುಪಿತೇ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಅದಕ್ಕೂ ಹಿಂದೆ ಇರಲಿಲ್ಲ, ಆಮೇಲೂ ಬಂದಿಲ್ಲ.

ದೇಣಿಗೆಗೆ ಬೇರೆ ದಾರಿಯಿತ್ತು. ತುಳುನಾಡಿನ ದೇವಸ್ಥಾನದ ಜೀರ್ಣೋದ್ಧಾರವೆಂದರೆ ಒಂದು 'ಮುಂಬಯಿ ಸಮಿತಿ' ಇರಲೇಬೇಕು ಎಂಬುದು ಇಂದಿಗೂ ರೂಢಿ. ಸಮಿತಿಯವರು ರಶೀದಿ ಪುಸ್ತಕ ಹಿಡಿದು ಭಾನುವಾರ ಮನೆಮನೆಗೆ ಹೋಗುತ್ತಾರೆ. ಕೊಡುವುದು 501, 1,001, 10,001. ಸೊನ್ನೆಯಲ್ಲಿ ಮುಗಿಯುವ ಮೊತ್ತ ಕೊಡಬಾರದು. ಹೆಸರು ಅಮೃತಶಿಲೆಯ ಫಲಕದಲ್ಲಿ ಊರಿನ ಹೆಸರಿನ ಜೊತೆ ಬರುತ್ತದೆ. ಎಲ್ಲರಿಗೂ ಎಲ್ಲರ ಪರಿಚಯವಿರುವುದೇ ಇಲ್ಲಿನ ಭದ್ರತೆ.

ದ್ರಮ್ಮ, ದಿರ್ಹಮ್, ಗಲ್ಫ್ ರೂಪಾಯಿ

ಗ್ರೀಕರ ದ್ರಖ್ಮ ಭಾರತದಲ್ಲಿ ದ್ರಮ್ಮವಾಯಿತು, ಅರಬರಲ್ಲಿ ದಿರ್ಹಮ್ ಆಯಿತು. ದ್ರಮ್ಮ ಸವೆದು ಹಿಂದಿಯ ದಾಮ್ ಆಯಿತು. ಅವಿಘ್ನಾಕರ ಕಾನ್ಹೇರಿಯಲ್ಲಿ ಇಟ್ಟ ನಾಣ್ಯಕ್ಕೂ ದುಬೈನಿಂದ ಡೊಂಬಿವಲಿಗೆ ಬರುವ ಹಣಕ್ಕೂ ಒಂದೇ ಅಜ್ಜ.

ಗಲ್ಫಿನಲ್ಲಿ ಒಂದು ಕಾಲಕ್ಕೆ ದಿರ್ಹಮ್ಮೂ ಇರಲಿಲ್ಲ, ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿಯೇ. ಮುಂಬಯಿಯಲ್ಲಿ ಸಲ್ಲುವ ನೋಟು ಕುವೈತ್, ಬಹರೈನ್, ಮಸ್ಕತ್‌ಗಳಲ್ಲೂ ಸಲ್ಲುತ್ತಿತ್ತು. ಇದರಿಂದ ಒಂದು ತೊಂದರೆ ಹುಟ್ಟಿತು. ಗಲ್ಫಿನಿಂದ ಕಳ್ಳಸಾಗಣೆಯಲ್ಲಿ ಚಿನ್ನ ಭಾರತಕ್ಕೆ ಬರುತ್ತಿತ್ತು, ಅದಕ್ಕೆ ಕೊಟ್ಟ ರೂಪಾಯಿ ನೋಟುಗಳು ಆಚೆ ಹೋಗುತ್ತಿದ್ದವು. ಅಲ್ಲಿನ ಬ್ಯಾಂಕುಗಳು ಅವನ್ನು ಹಿಂದಿರುಗಿಸಿ ಸ್ಟರ್ಲಿಂಗ್ ಪಡೆಯುತ್ತಿದ್ದವು. ದೇಶದ ವಿದೇಶಿ ವಿನಿಮಯ ಹೀಗೆ ಸೋರತೊಡಗಿದಾಗ 1959ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು ಗಲ್ಫಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಮುದ್ರಿಸಲಾಯಿತು. ಅವುಗಳ ಸಂಖ್ಯೆಯ ಮುಂದೆ ಇಂಗ್ಲಿಷಿನ ಜೆಡ್ ಅಕ್ಷರ ಇರುತ್ತಿತ್ತು. ಭಾರತದ ಅಂಗಡಿಯಲ್ಲಿ ಅವು ಸಲ್ಲುತ್ತಿರಲಿಲ್ಲ. ಹಜ್ ಯಾತ್ರಿಕರಿಗೂ ಪ್ರತ್ಯೇಕ ನೋಟುಗಳು ಬಂದವು. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು. 1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿದಾಗ ಅಷ್ಟರವರೆಗೂ ಅದನ್ನೇ ಬಳಸುತ್ತಿದ್ದವರೂ ಒಬ್ಬೊಬ್ಬರಾಗಿ ಕೈಬಿಟ್ಟರು, ಒಮಾನ್ 1970ರಲ್ಲಿ.

ಒಂದೇ ರೂಪಾಯಿಯ ಎರಡು ದಡಗಳು ಹೀಗೆ ಬೇರೆಯಾದವು. ಸ್ವಲ್ಪ ಕಾಲದಲ್ಲೇ ಎಣ್ಣೆಯ ಬೆಲೆ ಏರಿ, ಕರಾವಳಿಯ ಸಾವಿರಾರು ಮನೆಗಳ ಹುಡುಗರು ಗಲ್ಫಿಗೆ ಹೊರಟರು. ಅದೇ ಹೊತ್ತಿಗೆ ವಿದೇಶಿ ವಿನಿಮಯ ನಿಯಂತ್ರಣದ 1973ರ ಫೆರಾ ಕಾಯ್ದೆ ಬಂದಿತ್ತು. ಬ್ಯಾಂಕಿನ ಸರ್ಕಾರಿ ದರಕ್ಕೂ ಪೇಟೆಯ ದರಕ್ಕೂ ಅಂತರ, ಡ್ರಾಫ್ಟ್ ಊರಿಗೆ ತಲುಪಲು ವಾರಗಳು. ಈ ಸಂದಿಯಲ್ಲಿ ಹವಾಲಾ ಬೆಳೆಯಿತು. ಅರಬ್ಬಿಯಿಂದ ಬಂದ ಈ ಪದ ಕನ್ನಡದಲ್ಲಿ ಮೊದಲೇ ಇತ್ತು. 'ಹವಾಲೆ ಮಾಡು' ಎಂದರೆ ಒಬ್ಬರ ವಶಕ್ಕೆ ಒಪ್ಪಿಸು ಎಂದಷ್ಟೇ. ಪತ್ರಿಕೆಗಳಲ್ಲಿ ಹವಾಲಾ ಅಪರಾಧದ ಹೆಸರಾಯಿತು. ತಂತ್ರ ಮಾತ್ರ ಹುಂಡಿಯದೇ: ಅಲ್ಲೊಬ್ಬ, ಇಲ್ಲೊಬ್ಬ, ನಡುವೆ ಒಂದು ಮಾತು. ಅದೇ ತಂತ್ರದ ಮೇಲೆ ತಾಯಿಯ ಔಷಧಿಯ ಹಣವೂ ಬಂತು, ಕಳ್ಳಸಾಗಣೆಯ ಹಣವೂ ಬಂತು. ಕಾನೂನು ಎರಡನ್ನೂ ಬೇರ್ಪಡಿಸಲಾಗದೆ ಎರಡಕ್ಕೂ ಬಾಗಿಲು ಹಾಕಿತು. 2000ದಲ್ಲಿ ಫೆಮಾ ಕಾಯ್ದೆ ಜಾರಿಗೆ ಬಂದ ಮೇಲೆ ನಿಯಮಗಳು ಸಡಿಲವಾದವು, ಹವಾಲಾ ಮಾತ್ರ ನಿಷಿದ್ಧವಾಗಿಯೇ ಉಳಿಯಿತು.

ಮಗ ಕಳಿಸಬಹುದು, ದಾನಿ ಕಳಿಸುವಂತಿಲ್ಲ

ಇಂದು ವಿದೇಶದಿಂದ ಡೊಂಬಿವಲಿಯ ಮನೆಗೆ ಹಣ ನಿಮಿಷಗಳಲ್ಲಿ ಬರುತ್ತದೆ. ವೆಸ್ಟರ್ನ್ ಯೂನಿಯನ್ನಿನಂಥ ಸಂಸ್ಥೆಗಳು ರಿಸರ್ವ್ ಬ್ಯಾಂಕಿನ ಎಂಟಿಎಸ್‌ಎಸ್ ಯೋಜನೆಯಡಿ ಕೆಲಸ ಮಾಡುತ್ತವೆ. ಒಂದು ಸಲಕ್ಕೆ 2,500 ಡಾಲರ್, ವರ್ಷಕ್ಕೆ 30 ಸಲ. ಆದರೆ ಈ ದಾರಿ ಮನೆಖರ್ಚಿನ ಹಣಕ್ಕೆ ಮಾತ್ರ. ಟ್ರಸ್ಟ್, ಸಂಘಸಂಸ್ಥೆಗಳಿಗೆ ದೇಣಿಗೆ ಕಳಿಸಲು ಇದನ್ನು ಬಳಸುವಂತಿಲ್ಲ.

ದೇಣಿಗೆ ಬ್ಯಾಂಕಿನ ಮೂಲಕ ಬರಬೇಕು. ಅಲ್ಲಿ ದೇಶದೇಶಗಳ ರೂಢಿಗಳು ಒಂದಕ್ಕೊಂದು ತಾಗುತ್ತವೆ. ಯುರೋಪಿನವರು ಐಬಿಎಎನ್ ಕೇಳುತ್ತಾರೆ. ಭಾರತದಲ್ಲಿ ಅದಿಲ್ಲ, ಹನ್ನೊಂದು ಅಕ್ಷರದ ಐಎಫ್‌ಎಸ್‌ಸಿ ಇದೆ. ಅಮೆರಿಕದಲ್ಲಿ ದೇಣಿಗೆಗೆ ಇಂದಿಗೂ ಚೆಕ್ ಬರೆಯುವವರಿದ್ದಾರೆ. ಆ ಡಾಲರ್ ಚೆಕ್ ಇಲ್ಲಿ ಹಣವಾಗಲು ವಾರಗಳು ಬೇಕು. ಸ್ವಿಫ್ಟ್ ಮೂಲಕ ಕಳಿಸಿದರೆ ನಡುವಿನ ಬ್ಯಾಂಕುಗಳು ತಮ್ಮ ಶುಲ್ಕ ಮುರಿದುಕೊಳ್ಳುತ್ತವೆ. ಖರ್ಚು ಯಾರದೆಂದು ಮೊದಲೇ ಗುರುತು ಹಾಕದಿದ್ದರೆ, 10,001 ಎಂದು ಲೆಕ್ಕ ಹಾಕಿ ಕಳಿಸಿದ್ದು ಒಂಬತ್ತು ಸಾವಿರದ ಚಿಲ್ಲರೆಯಾಗಿ ಬಂದು ಶುಭದ ಒಂದು ರೂಪಾಯಿ ದಾರಿಯಲ್ಲೇ ಕಳೆದುಹೋಗುತ್ತದೆ. ಇತ್ತಿಂದ ಅತ್ತ ಕೊಡುವವರಿಗೂ ಇದೇ ಪಾಡು: ವಿದೇಶದ ಸಂಸ್ಥೆಗಳು ಕಾರ್ಡಿನಿಂದ ತಿಂಗಳು ತಿಂಗಳು ತಾವಾಗಿಯೇ ಹಣ ತೆಗೆದುಕೊಳ್ಳುವ ಪದ್ಧತಿಯವು, 2021ರ ಅಕ್ಟೋಬರಿನಿಂದ ಭಾರತದ ಕಾರ್ಡುಗಳಿಗೆ ಮುಂಚಿತ ಸೂಚನೆ, ಗ್ರಾಹಕರ ದೃಢೀಕರಣದ ನಿಯಮ ಬಂದಾಗ ಅಂಥ ಎಷ್ಟೋ ಪಾವತಿಗಳು ನಿಂತುಹೋದವು.

ಇವೆಲ್ಲ ತಾಂತ್ರಿಕ ತೊಡಕುಗಳು, ಬಿಡಿಸಬಹುದಾದವು. ನಿಜವಾದ ಗಂಟು ಇರುವುದು ಎಫ್‌ಸಿಆರ್‌ಎ ಎಂಬ ಕಾಯ್ದೆಯಲ್ಲಿ. ವಿದೇಶಿ ಹಣ ದೇಶದ ರಾಜಕೀಯದಲ್ಲಿ ಕೈಹಾಕಬಾರದು ಎಂಬ ಕಾರಣ ಕೊಟ್ಟು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಇದು ಹುಟ್ಟಿತು. 2010ರಲ್ಲಿ ಹೊಸ ಕಾಯ್ದೆಯಾಯಿತು, 2020ರಲ್ಲಿ ಬಿಗಿಯಾಯಿತು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆ ನೋಂದಣಿ ಮಾಡಿಸಿರಬೇಕು. ಸಾಮಾನ್ಯವಾಗಿ ಅದಕ್ಕೆ ಮೂರು ವರ್ಷ ವಯಸ್ಸಾಗಿರಬೇಕು, ಆ ಮೂರು ವರ್ಷಗಳಲ್ಲಿ ತನ್ನ ಉದ್ದೇಶಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಣ ಮೊದಲು ಬಂದಿಳಿಯಬೇಕಾದದ್ದು ಒಂದೇ ಕಡೆ: ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆ. ಅಲ್ಲಿಂದ ಮುಂದೆ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ವರ್ಷಕ್ಕೊಂದು ಯಕ್ಷಗಾನ, ಒಂದು ಭಜನಾ ಮಂಗಲೋತ್ಸವ, ಹತ್ತು ಮಕ್ಕಳಿಗೆ ವಿದ್ಯಾರ್ಥಿವೇತನ ನಡೆಸುವ ಸಣ್ಣ ಕನ್ನಡ ಸಂಘಕ್ಕೆ ಇದರ ಅರ್ಥವೇನು? ಸಂಘದ ಹಳೆಯ ಸದಸ್ಯರೊಬ್ಬರಿಗೆ ಮೂವರು ಮಕ್ಕಳು ಎಂದಿಟ್ಟುಕೊಳ್ಳಿ. ಮೂವರೂ ಡೊಂಬಿವಲಿಯಲ್ಲೇ ಬೆಳೆದವರು, ಮೂವರಿಗೂ ಸಂಘಕ್ಕೆ 10,001 ಕೊಡುವ ಆಸೆ. ಮಸ್ಕತ್ತಿನಲ್ಲಿರುವ ಮಗನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದೆ. ಭಾರತೀಯ ಪ್ರಜೆ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ, ಆತ ಎಲ್ಲೇ ವಾಸಿಸಲಿ. 2023ರಲ್ಲಿ ಒಮಾನ್ ಸೇರಿ ಹತ್ತು ದೇಶಗಳ ಮೊಬೈಲ್ ಸಂಖ್ಯೆಗಳಿಗೆ ಅನಿವಾಸಿಗಳ ಖಾತೆಯಿಂದ ಯುಪಿಐ ಬಳಸುವ ದಾರಿ ತೆರೆದಿರುವುದರಿಂದ ಆತ ಮೊಬೈಲಿನಲ್ಲೇ ಕೊಟ್ಟುಬಿಡಬಹುದು. ನ್ಯೂಜೆರ್ಸಿಯ ಮಗಳದ್ದು ಗ್ರೀನ್ ಕಾರ್ಡ್, ಪಾಸ್‌ಪೋರ್ಟ್ ಭಾರತದ್ದೇ; ಅವಳೂ ಕೊಡಬಹುದು. ಕಿರಿಯವನು ಅಮೆರಿಕದ ಪೌರತ್ವ ಪಡೆದಿದ್ದಾನೆ, ಓಸಿಐ ಕಾರ್ಡ್ ಇದೆ. ಕಾನೂನಿನ ಕಣ್ಣಿಗೆ ಅವನು ವಿದೇಶಿ ಮೂಲ. ನೋಂದಣಿಯಿಲ್ಲದ ಸಂಘ ಅವನ ಹಣವನ್ನು ಮುಟ್ಟುವಂತಿಲ್ಲ.

ಅವನು ತಂದೆಗೆ ಕಳಿಸಬಹುದು. ಹತ್ತಿರದ ಬಂಧುಗಳಿಗೆ ವರ್ಷಕ್ಕೆ 10 ಲಕ್ಷದವರೆಗೆ ಸರ್ಕಾರಕ್ಕೆ ತಿಳಿಸದೆಯೇ ಕಳಿಸುವ ಅವಕಾಶ 2022ರಿಂದ ಇದೆ. ಆದರೆ ತಂದೆ ಅದೇ ಹಣವನ್ನು ಸಂಘದ ಕೈಗಿತ್ತರೆ ಅದು ಮತ್ತೆ ವಿದೇಶಿ ದೇಣಿಗೆ. ಎಷ್ಟು ಕೈ ದಾಟಿದರೂ ಮೂಲ ಮಾಸುವುದಿಲ್ಲ ಎಂದು ಕಾಯ್ದೆಯೇ ವಿವರಿಸುತ್ತದೆ. ಹಾಗಾಗಿ ಖಜಾಂಚಿಗಳು ದೇಣಿಗೆಯ ಜೊತೆ ಪಾಸ್‌ಪೋರ್ಟಿನ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳುವುದು ಕ್ಷೇಮ. ಕೇಳುವುದು ಮುಜುಗರದ ಕೆಲಸ. ತಾವು ಎತ್ತಿ ಆಡಿಸಿದ ಹುಡುಗನನ್ನು 'ನೀನೀಗ ಯಾವ ದೇಶದವ?' ಎಂದು ಕೇಳಿದಂತೆ.

ಪುಣೆಯ ದಾರಿಯಲ್ಲಿರುವ ಕಾರ್ಲೆಯ ಗುಹೆಯ ಕಂಬಗಳಲ್ಲಿ ಯವನರು ಕೊಟ್ಟ ದಾನದ ಬರಹಗಳಿವೆ. ಆ ಯವನರು ತಮ್ಮ ಹೆಸರಿನ ಜೊತೆ ಧೇನುಕಾಕಟ ಎಂಬ ಊರಿನ ಹೆಸರು ಹೇಳಿಕೊಂಡಿದ್ದಾರೆ. ನಾಸಿಕ, ಕಾನ್ಹೇರಿಗಳ ಶಾಸನಗಳೂ ದಾನಿಯ ಊರು, ಮೊತ್ತ, ಉದ್ದೇಶ, ಹಣ ಯಾರ ಬಳಿ ಇದೆ ಎಂಬುದನ್ನು ಹೇಳುತ್ತವೆ. ಅಲ್ಲಿಯ ಎಚ್ಚರವೆಲ್ಲ ಹಣ ಉದ್ದೇಶಕ್ಕೆ ತಲುಪಿತೇ ಎಂಬುದರ ಮೇಲೆ. ಇಂದಿನ ಕಾನೂನು ಅದನ್ನೂ ಕೇಳುತ್ತದೆ, ಲೆಕ್ಕಪತ್ರ ಬೇಡುತ್ತದೆ. ಆದರೆ ಬಾಗಿಲಲ್ಲಿ ಮೊದಲು ಕೇಳುವುದು ಪೌರತ್ವವನ್ನು. ದೊಡ್ಡ ಮೊತ್ತಗಳ ವಿಷಯದಲ್ಲಿ ಸರ್ಕಾರದ ಆತಂಕಕ್ಕೆ ಕಾರಣಗಳಿರಬಹುದು. ಹತ್ತು ಸಾವಿರದ ಒಂದು ರೂಪಾಯಿಗೂ ಅದೇ ಜರಡಿ ಹಿಡಿದರೆ, ದೊಡ್ಡ ಸಂಸ್ಥೆಗಳು ಲೆಕ್ಕಿಗರನ್ನು ಇಟ್ಟುಕೊಂಡು ದಾಟುತ್ತವೆ, ಸಣ್ಣ ಸಂಘಗಳು ಬಾಗಿಲಲ್ಲೇ ಉಳಿಯುತ್ತವೆ. 1881ರ ಕಾಯ್ದೆ ಪೇಟೆಯ ರೂಢಿಗೆ ಒಂದು ಸಾಲಿನ ಜಾಗ ಬಿಟ್ಟಿತ್ತು. ಸಣ್ಣ ದೇಣಿಗೆಗೆ ಅಂಥದ್ದೇ ಒಂದು ಸಾಲು ಇಂದಿನ ಕಾಯ್ದೆಯಲ್ಲೂ ಬರುವವರೆಗೆ, ಆ ಮೂರನೆಯ ಮಗ ಊರಿಗೆ ಬಂದಾಗ ಸಂಘದ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಕೂರಬಹುದು, ಪ್ರಸಾದ ತೆಗೆದುಕೊಳ್ಳಬಹುದು. ರಶೀದಿ ಪುಸ್ತಕ ಮಾತ್ರ ಅವನ ಮುಂದೆ ತೆರೆಯುವುದಿಲ್ಲ.